ಜಪಾನಿ ಸಹೋದ್ಯೋಗಿಗೆ ಸಾರಿ ಹೇಳಿ, ಕಾರಣವನ್ನೂ ವಿವರಿಸಿದೆ. ಆದರೂ ಅವರ ಬೇಸರ ಹೋಗಿಲ್ಲ. ಯಾವ ಪದ ಬಳಸಬೇಕಿತ್ತು?

ನಿಮ್ಮ ಈ ಪ್ರಶ್ನೆ ಓದುತ್ತಿದ್ದ ಹಾಗೇ ನಾನು ಬರೆದ ಹಳೇ ಮೇಲ್ ಒಂದು ಕಣ್ಣ ಮುಂದೆ ಬಂತು. ನಾನೂ ಕಾರಣ ವಿವರಿಸಿದ್ದೆ. ಕೆಟ್ಟಿದ್ದೇ ಅಲ್ಲಿ.

ಜಪಾನಿನ ತಂಡವೊಂದಕ್ಕೆ ಕಳಿಸಬೇಕಿದ್ದ ಫೈಲು ಎರಡು ದಿನ ತಡವಾಗಿತ್ತು. ಮೇಲ್‌ನ ಮೊದಲ ಸಾಲು ‘ತಡವಾಗಿದ್ದಕ್ಕೆ ಸಾರಿ’. ಅದರ ಕೆಳಗೆ ಒಂಬತ್ತು ಸಾಲು. ಸರ್ವರ್ ಕೈಕೊಟ್ಟಿದ್ದು, ಜೊತೆಗಾರರು ರಜೆ ಹಾಕಿದ್ದು, ಜಪಾನಿನವರ ಕಡೆಯಿಂದಲೇ ಒಂದು ಪಟ್ಟಿ ತಡವಾಗಿ ಬಂದಿದ್ದು. ಎಲ್ಲವೂ ನಿಜ. ಇದ್ದಿದ್ದನ್ನು ಇದ್ದ ಹಾಗೆ ಹೇಳುವುದೇ ಮರ್ಯಾದೆ ಅಂದುಕೊಂಡಿದ್ದೆ. ‘ತಿಳಿಯಿತು’ ಅಂತ ಒಂದೇ ಸಾಲಿನ ಉತ್ತರ ಬಂತು. ಮುಂದಿನ ಕೆಲಸ ಬೇರೆಯವರಿಗೆ ಹೋಯಿತು.

ಆಮೇಲೆ ಜಪಾನಿ ಕಲಿಯುವಾಗ ಅರ್ಥವಾಯಿತು. ಕೆಲಸದ ಜಾಗದಲ್ಲಿ ಗಂಭೀರವಾಗಿ ಕ್ಷಮೆ ಕೇಳುವಾಗ ಅವರು ‘ಮೋಶಿವಕೆ ಅರಿಮಸೆನ್’ ಅನ್ನುತ್ತಾರೆ. ಬಿಡಿಸಿದರೆ ‘ಹೇಳಿಕೊಳ್ಳೋಕೆ ಸಬೂಬೇ ಇಲ್ಲ’ ಅಂತ. ನಾನೋ ಒಂಬತ್ತು ಸಾಲು ಸಬೂಬು ಬರೆದಿದ್ದೆ! ಅದರಲ್ಲೂ ಆ ಪಟ್ಟಿಯ ಮಾತು. ಕ್ಷಮೆ ಕೇಳುತ್ತಲೇ ತಪ್ಪನ್ನು ಅವರ ತಲೆಗೆ ಕಟ್ಟಿದ್ದೆ. ಸರ್ವರ್ ವಿಷಯ ಹೇಳಲೇಬಾರದು ಅಂತಲ್ಲ, ಅವರು ಕೇಳಿದ ಮೇಲೆ ಹೇಳಬಹುದಿತ್ತು. ತಪ್ಪು ಒಪ್ಪಿಕೊಂಡು, ಮತ್ತೆ ಹೀಗಾಗದಂತೆ ಏನು ಮಾಡುತ್ತೇನೆ ಅಂತ ಬರೆದು, ಅಲ್ಲಿಗೇ ನಿಲ್ಲಿಸಬೇಕಿತ್ತು.

ಹಾಗಾಗಿ ‘ಯಾವ ಪದ’ ಅನ್ನೋ ಪ್ರಶ್ನೆಯನ್ನೇ ಬಿಡಿ. ಸಾರಿ ಅನ್ನೋಕೆ ಜಪಾನಿಯಲ್ಲಿರುವ ‘ಸುಮಿಮಸೆನ್’ ಅನ್ನೋ ಪದವನ್ನು ಸುಮ್ನೆ ಬಾಯಿಪಾಠ ಮಾಡಿ ಪ್ರಯೋಜನವಿಲ್ಲ. ಸ್ವಲ್ಪ ದಾರಿ ಬಿಡಿ ಅನ್ನೋಕೂ, ಥ್ಯಾಂಕ್ಸ್ ಅನ್ನೋಕೂ ಅವರಿಗೆ ಅದೇ ಪದ. ಇಂಗ್ಲಿಷಿನ ಸಾರಿಯೂ ಅಷ್ಟೇ. ಯಾರಾದರೂ ತೀರಿಕೊಂಡಾಗಲೂ ಹೇಳುತ್ತಾರೆ, ಹೇಳುವವರದ್ದು ಏನೂ ತಪ್ಪಿರುವುದಿಲ್ಲ. 2001ರಲ್ಲಿ ಅಮೆರಿಕ, ಚೀನಾ ವಿಮಾನಗಳು ಡಿಕ್ಕಿಯಾಗಿ ಚೀನಾದ ಪೈಲಟ್ ಸತ್ತರು. ಅಮೆರಿಕದ 24 ಸಿಬ್ಬಂದಿ ಚೀನಾದಲ್ಲಿ ಸಿಕ್ಕಿಬಿದ್ದಿದ್ದರು. ‘ವೆರಿ ಸಾರಿ’ ಅನ್ನುವ ಪತ್ರ ಕೊಟ್ಟ ಅಮೆರಿಕ, ಇದು ವಿಷಾದ, ತಪ್ಪೊಪ್ಪಿಗೆ ಅಲ್ಲ ಅಂದಿತು. ಚೀನಾದ ಪತ್ರಿಕೆಗಳು ಕ್ಷಮೆ ಕೇಳಿದರು ಅಂತಲೇ ಬರೆದವು. ಪದದ ಮೇಲೆ ಅಷ್ಟೊಂದು ಭಾರ ಹಾಕಬೇಡಿ.

ಕನ್ನಡದಲ್ಲಿ ‘ತಪ್ಪಾಯ್ತು, ಹೊಟ್ಟೆಗೆ ಹಾಕ್ಕೊಳ್ಳಿ’ ಅಂತೀವಲ್ವಾ? ಅದರ ಹಿಂದೆಯೇ ‘ಆದ್ರೆ ನೀವೂ...’ ಅಂತ ಶುರು ಮಾಡಿದರೆ ಯಾರು ತಾನೇ ಹೊಟ್ಟೆಗೆ ಹಾಕಿಕೊಳ್ಳುತ್ತಾರೆ?

ನಿಮ್ಮದು ಇನ್ನೂ ಕೈಮೀರಿಲ್ಲ. ಇವತ್ತೇ ಇನ್ನೊಂದು ಮೇಲ್ ಹಾಕಿ. ಏನು ತಪ್ಪಾಯಿತು, ಅದರಿಂದ ಅವರಿಗೆ ಏನು ತೊಂದರೆಯಾಯಿತು, ಇನ್ನು ಮುಂದೆ ಏನು ಮಾಡುತ್ತೀರಿ, ಇಷ್ಟೇ. ಕಳಿಸುವ ಮೊದಲು ಒಮ್ಮೆ ಓದಿ, ‘ಯಾಕೆಂದರೆ’ ಅಂತ ಶುರುವಾಗುವ ಸಾಲುಗಳನ್ನೆಲ್ಲ ಅಳಿಸಿಬಿಡಿ.