ರಾತ್ರಿ 3ಕ್ಕೆ ಮಲಗಿ 11ಕ್ಕೆ ಏಳುತ್ತೇನೆ. ಬೆಳಕಿನಿಂದ ನಿದ್ದೆಯ ಹೊತ್ತು ಸರಿಹೋಗುತ್ತಾ?

ಹೋಗುತ್ತದೆ, ಹೊತ್ತು ನೋಡಿ ಬಳಸಿದರೆ. ಬೆಳಗಿನ ಬೆಳಕು ನಿದ್ದೆಯನ್ನು ಬೇಗ ತರುತ್ತದೆ, ರಾತ್ರಿಯದು ತಡ ಮಾಡುತ್ತದೆ.

ಎದ್ದ ಕೂಡಲೇ ಅರ್ಧ ಗಂಟೆ ಹೊರಗಿರಿ. ಮನೆಯೊಳಗೆ ಲೈಟ್ ಹಾಕಿದರೂ ಸಾಮಾನ್ಯವಾಗಿ ಸಿಗುವುದು ಕೆಲವು ನೂರು ಲಕ್ಸ್ (ಬೆಳಕಿನ ಅಳತೆ) ಅಷ್ಟೇ. ಮೋಡ ಕವಿದ ದಿನವೂ ಹೊರಗೆ ಸಾವಿರಾರು ಲಕ್ಸ್ ಇರುತ್ತದೆ. ಕಣ್ಣು ಹೊಂದಿಕೊಂಡುಬಿಡುವುದರಿಂದ ನಮಗೆ ಗೊತ್ತಾಗಲ್ಲ. ಸೂರ್ಯನನ್ನು ಮಾತ್ರ ದಿಟ್ಟಿಸಬೇಡಿ.

ಆದರೆ ನಾಳೆಯೇ ಬೆಳಗ್ಗೆ 6ಕ್ಕೆ ಅಲಾರಂ ಇಟ್ಟು ಬೆಳಕಿಗೆ ಓಡಬೇಡಿ. 11ಕ್ಕೆ ಏಳುವ ದೇಹಕ್ಕೆ 6 ಅಂದರೆ ಇನ್ನೂ ನಡುರಾತ್ರಿ. ಆಗ ಬಿದ್ದ ಬೆಳಕು ನಿದ್ದೆಯನ್ನು ಇನ್ನಷ್ಟು ಮುಂದೂಡಬಹುದು. ಏಳುವ ಹೊತ್ತನ್ನು ಎರಡು ಮೂರು ದಿನಕ್ಕೊಮ್ಮೆ ಅರ್ಧ ಗಂಟೆ ಬೇಗ ಮಾಡುತ್ತಾ ಬನ್ನಿ.

ಮಲಗುವ 2 ಗಂಟೆ ಮೊದಲೇ ಲೈಟ್ ಕಮ್ಮಿ ಮಾಡಿ. ಎಲ್ಲರೂ ಸುಮ್ನೆ ಫೋನನ್ನೇ ಬೈಯುತ್ತಾರೆ. ತಲೆ ಮೇಲೆ ಉರಿಯುವ ಟ್ಯೂಬ್‌ಲೈಟೂ ಲೆಕ್ಕಕ್ಕೆ ಬರುತ್ತದೆ, ಅಲ್ವಾ?