ಮೈಕ್ರೊಪೇಮೆಂಟ್, ಬ್ಲಾಕ್‌ಚೈನ್‌ನಿಂದ ವೆಬ್‌ಕಾಮಿಕ್ ಕಲಾವಿದರಿಗೆ ನಿಜಕ್ಕೂ ಅನುಕೂಲ ಇದೆಯಾ?

ಇದೆ. ಮೈಕ್ರೊಪೇಮೆಂಟ್ ಅಂದರೆ ಚಿಲ್ಲರೆ ಮೊತ್ತದ ಆನ್‌ಲೈನ್ ಪಾವತಿ. ಆದರೆ ತೊಡಕು ಎಲ್ಲಿದೆ ಅಂತ ಮೊದಲು ನೋಡಬೇಕು. ಒಂದು ಅಧ್ಯಾಯಕ್ಕೆ ಓದುಗರು 25 ಸೆಂಟ್ ಕೊಡುತ್ತಾರೆ ಅಂದುಕೊಳ್ಳಿ. ಅಮೆರಿಕದಲ್ಲಿ ಆನ್‌ಲೈನ್ ಪಾವತಿ ಕಂಪನಿ ಸ್ಟ್ರೈಪ್‌ನ ಸಾಮಾನ್ಯ ಕಾರ್ಡ್ ಶುಲ್ಕ 2.9%, ಅದರ ಮೇಲೆ 30 ಸೆಂಟ್. ಬಂದದ್ದಕ್ಕಿಂತ ಹೋದದ್ದೇ ಜಾಸ್ತಿ ಅಲ್ವಾ?

2003ರಲ್ಲಿ ಅಮೆರಿಕದ ಕಾಮಿಕ್ ಕಲಾವಿದ ಸ್ಕಾಟ್ ಮೆಕ್‌ಕ್ಲೌಡ್ ತಮ್ಮ ‘ದಿ ರೈಟ್ ನಂಬರ್’ ಕಾಮಿಕ್ಕನ್ನು ಬಿಟ್‌ಪಾಸ್ ಮೂಲಕ 25 ಸೆಂಟಿಗೆ ಮಾರಿದರು. ಓದುಗರು ಮೊದಲೇ ಸ್ವಲ್ಪ ಹಣ ತುಂಬಿಟ್ಟು, ಅದರಿಂದ ಚಿಲ್ಲರೆ ಕೊಡುವ ವ್ಯವಸ್ಥೆ ಅದು. ತುಂಬಾ ಒಳ್ಳೆಯ ಯೋಚನೆ. ಆದರೆ 2007ರಲ್ಲಿ ಬಿಟ್‌ಪಾಸ್ ಕಂಪನಿಯೇ ಮುಚ್ಚಿತು.

ಬ್ಲಾಕ್‌ಚೈನ್, ಅಂದರೆ ಹಲವು ಕಂಪ್ಯೂಟರ್‌ಗಳು ಒಟ್ಟಾಗಿ ಇಟ್ಟುಕೊಳ್ಳುವ ಲೆಕ್ಕದ ದಾಖಲೆ, ಇಲ್ಲಿ ನೆರವಾಗಬಹುದು. ಯಾವುದೋ ಒಂದೇ ಕಂಪನಿಯನ್ನು ನೆಚ್ಚಿಕೊಂಡು ಕೂರಬೇಕಿಲ್ಲ. ಹಾಗಂತ ಬ್ಲಾಕ್‌ಚೈನ್ ಮೇಲೆ ನಡೆಯುವ ಬಿಟ್‌ಕಾಯಿನ್‌ನಲ್ಲಿ ನೇರವಾಗಿ ಚಿಲ್ಲರೆ ಕಳಿಸಲು ಹೋಗಬೇಡಿ. 2017ರ ಡಿಸೆಂಬರ್‌ನಲ್ಲಿ ಅದರ ಸರಾಸರಿ ಶುಲ್ಕವೇ ಒಮ್ಮೆ 50 ಡಾಲರ್ ದಾಟಿತ್ತು! ಬಿಟ್‌ಕಾಯಿನ್ ಮೇಲೆ ಕಟ್ಟಿದ ಲೈಟ್ನಿಂಗ್ ನೆಟ್‌ವರ್ಕ್ ಇದಕ್ಕೆಂದೇ ಬಂದದ್ದು. ಕಿರಾಣಿ ಅಂಗಡಿಯ ಲೆಕ್ಕದ ಪುಸ್ತಕದ ಹಾಗೆ, ಸಣ್ಣಪುಟ್ಟ ಪಾವತಿಗಳು ಬ್ಲಾಕ್‌ಚೈನ್‌ನ ಹೊರಗೇ ನಡೆಯುತ್ತವೆ. ಕೊನೆಯ ಲೆಕ್ಕ ಮಾತ್ರ ಬ್ಲಾಕ್‌ಚೈನ್‌ಗೆ ಹೋಗುತ್ತದೆ.

ನನ್ನ ಚಿಂತೆ ಬೇರೆ. ಪ್ರತಿ ಪುಟಕ್ಕೂ “ಕೊಡಲಾ, ಬೇಡವಾ” ಅಂತ ಯೋಚಿಸುವಂತಾದರೆ ಓದುಗರು ಸುಮ್ನೆ ಎದ್ದು ಹೋಗುತ್ತಾರೆ. ಅದಕ್ಕೇ ಕಥೆ ಉಚಿತವಾಗಿರಲಿ, ಮೆಚ್ಚಿದವರು ಕೊಡಲು ಪಕ್ಕದಲ್ಲೊಂದು ಬಟನ್ ಇರಲಿ. ಓದುಗರು ಭಾರತದವರೇ ಆದರೆ ಇಷ್ಟೆಲ್ಲ ಬೇಡ. ಯುಪಿಐಯಲ್ಲಿ ಅಭಿಮಾನಿ ನೇರವಾಗಿ ಕಳಿಸಿದ 5 ರೂಪಾಯಿ ಪೂರ್ತಿ ನಿಮ್ಮ ಖಾತೆಗೇ ಬರುತ್ತದೆ.