ಶೆಡ್ಡಿನ ಫಿಯೆಟ್ಟು, ಶೋರೂಮಿನ ಕಾಫಿ

ಓದುಗರ ಪತ್ರ: "ಸಂಪಾದಕರೇ, ಅಪ್ಪ ಬಿಟ್ಟುಹೋದ 1982ರ ಪ್ರೀಮಿಯರ್ ಪದ್ಮಿನಿ ಆರು ವರ್ಷದಿಂದ ಶೆಡ್ಡಿನಲ್ಲಿ ನಿಂತಿದೆ. ಗೇರ್ ಕಡ್ಡಿಯ ಗುಂಡಿ ಕೂಡ ಬಿದ್ದುಹೋಗಿದೆ. ಎಸ್‌ಯುವಿ ಕೊಂಡರೆ ಎಕ್ಸ್‌ಚೇಂಜಿನಲ್ಲಿ 25,000 ಕೊಡುತ್ತೇವೆ ಅಂತ ಶೋರೂಮಿನವರು ಹೇಳಿದ್ದಾರೆ. ಹದಿನೈದು ವರ್ಷ ದಾಟಿದ ಗಾಡಿ ಹೇಗೂ ಗುಜರಿಗೆ ಹೋಗಲೇಬೇಕಲ್ಲ? ನೀವು ಸಂಚಿಕೆಗೊಮ್ಮೆ ಹಳೇ ಗಾಡಿ ಹೊಗಳುತ್ತೀರಿ. ಏರ್‌ಬ್ಯಾಗ್ ಇಲ್ಲದ ಈ ಡಬ್ಬದಲ್ಲಿ ಅಂಥದ್ದೇನಿದೆ?" (ಬಟವಾಡಿಯ ಓದುಗರೊಬ್ಬರು, ತುಮಕೂರು)

ಉತ್ತರ:

ಏರ್‌ಬ್ಯಾಗ್ ವಿಷಯದಲ್ಲಿ ನಿಮ್ಮದೇ ಸರಿ. ಹೊಸ ಕಾರುಗಳಿಗೆ 2019ರಿಂದ ಎಬಿಎಸ್, ಅಂದರೆ ಜೋರಾಗಿ ಬ್ರೇಕ್ ಒತ್ತಿದರೂ ಚಕ್ರ ಕಚ್ಚಿಕೊಳ್ಳದ ವ್ಯವಸ್ಥೆ, ಕಡ್ಡಾಯ. 2021ರ ಕೊನೆಯಿಂದ ಮುಂದಿನ ಎರಡೂ ಸೀಟಿಗೆ ಏರ್‌ಬ್ಯಾಗ್ ಕಡ್ಡಾಯ. ನಿಮ್ಮ ಪದ್ಮಿನಿಯಲ್ಲಿ ಎರಡೂ ಇಲ್ಲ. ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ದಿನಾ ಬೆಂಗಳೂರಿಗೆ ಹೋಗಿಬರಬೇಕು ಅಂದರೆ ಹೊಸದನ್ನೇ ತಗೊಳ್ಳಿ, ನಾನು ಅಡ್ಡ ಬರುವುದಿಲ್ಲ. ಆದರೆ ಅದಕ್ಕೆ ಇದನ್ನು ಯಾಕೆ ಕೊಡಬೇಕು?

ಮೊದಲು ನಿಮ್ಮ ತಲೆಗೆ ಯಾರೋ ತುಂಬಿರುವ ಒಂದು ಸುಳ್ಳನ್ನು ತೆಗೆಯೋಣ. ಹದಿನೈದು ವರ್ಷ ದಾಟಿದ ಪೆಟ್ರೋಲ್ ಗಾಡಿ ಓಡಿಸಬಾರದು ಅನ್ನುವ ಗಲಾಟೆಯೆಲ್ಲ ದೆಹಲಿ ಸುತ್ತಮುತ್ತಲಿನದು. ನಮ್ಮಲ್ಲಿ ಎಫ್‌ಸಿ, ಅಂದರೆ ಗಾಡಿ ಓಡಿಸಲು ಯೋಗ್ಯ ಅನ್ನುವ ಸರ್ಟಿಫಿಕೇಟ್, ಮಾಡಿಸಿ ಐದೈದು ವರ್ಷಕ್ಕೆ ಆರ್‌ಸಿ ಮುಂದುವರಿಸಬಹುದು. ಫೀಸು ಮಾತ್ರ ಏರುತ್ತಲೇ ಇದೆ. ಮೊದಲು 600 ರೂಪಾಯಿ ಇತ್ತು, 2022ರ ಏಪ್ರಿಲ್‌ನಲ್ಲಿ 5,000 ಆಯಿತು, ಇಪ್ಪತ್ತು ವರ್ಷ ದಾಟಿದವಕ್ಕೆ 2025ರಲ್ಲಿ 10,000 ಮಾಡಿದರು. ಗಾಡಿಗೆ ಐವತ್ತು ತುಂಬಿದರೆ ಸರ್ಕಾರವೇ ಅದನ್ನು ವಿಂಟೇಜ್ ಅಂತ ಕರೆದು, 'ವಿಎ' ಅಕ್ಷರದ ನಂಬರ್ ಕೊಟ್ಟು ಮರ್ಯಾದೆ ಮಾಡುತ್ತದೆ. ನಲವತ್ತು ದಾಟಿ ಐವತ್ತಾಗದ ನಿಮ್ಮ ಪದ್ಮಿನಿಗೆ ಮರ್ಯಾದೆಯೂ ಇಲ್ಲ, ರಿಯಾಯಿತಿಯೂ ಇಲ್ಲ. ಆ ವಯಸ್ಸಿನ ಗಂಡಸರಿಗೂ ಮನೆಯಲ್ಲಿ ಅಷ್ಟೇ ಬೆಲೆ ಅಲ್ವಾ?

ಡಬ್ಬ ಅಂದಿರಿ. 1964ರಲ್ಲಿ ಮುಂಬೈನ ಕುರ್ಲಾ ಕಾರ್ಖಾನೆಯಿಂದ ಫಿಯೆಟ್ 1100 ಡಿಲೈಟ್ ಅಂತ ಹೊರಬಂದ ಗಾಡಿ ಇದು. 1974ರಲ್ಲಿ ರಾಜಸ್ಥಾನದ ಚಿತ್ತೋರಿನ ರಾಣಿಯ ಹೆಸರು ಬಂತು, ಪದ್ಮಿನಿ ಆಯಿತು. 1089 ಸಿಸಿ ಎಂಜಿನ್, ಸುಮಾರು 40 ಕುದುರೆ ಶಕ್ತಿ. ಇವತ್ತು ಚಿಕ್ಕ ಹ್ಯಾಚ್‌ಬ್ಯಾಕ್‌ಗೂ ಅದಕ್ಕಿಂತ ಜಾಸ್ತಿ ಇರುತ್ತದೆ. ಆದರೂ ಮುಂಬೈ ಟ್ಯಾಕ್ಸಿಯವರು 2023ರ ಅಕ್ಟೋಬರ್‌ವರೆಗೆ ಇದನ್ನು ಓಡಿಸಿ ಹೊಟ್ಟೆ ಹೊರೆದುಕೊಂಡರು. ಅದೂ ಗಾಡಿ ಕೈಕೊಟ್ಟಿದ್ದಕ್ಕೆ ನಿಂತಿದ್ದಲ್ಲ, ಅಲ್ಲಿನ ಟ್ಯಾಕ್ಸಿಗಳಿಗಿದ್ದ ಇಪ್ಪತ್ತು ವರ್ಷದ ಮಿತಿ ಮುಗಿದಿದ್ದಕ್ಕೆ.

ನಮ್ಮ ಸೋದರಮಾವನ ಹತ್ತಿರ ಇದೇ ಗಾಡಿ ಇತ್ತು. ಬೇಸಿಗೆ ರಜೆಯಲ್ಲಿ ಏಳು ಜನ ತುರುಕಿಕೊಂಡು ದೇವರಾಯನದುರ್ಗಕ್ಕೆ ಹೊರಟಿದ್ದೆವು. ನಾಮದ ಚಿಲುಮೆ ದಾಟಿದ್ದೇ ಎಂಜಿನ್ ಕೆಮ್ಮಿತು, ನಿಂತಿತು. ಮಾವ ಒಂದು ಮಾತೂ ಆಡದೆ ಬಾನೆಟ್ ಎತ್ತಿದರು. ಅತ್ತೆಯ ಹೆಗಲಿನ ಟವೆಲ್ ಕಿತ್ತು ನನ್ನ ಕೈಗೆ ಕೊಟ್ಟು, "ಚಿಲುಮೆ ನೀರಲ್ಲಿ ಅದ್ದಿ ತಗೊಂಬಾ" ಅಂದರು. ಓಡಿಹೋಗಿ ತಂದೆ. ಆ ಒದ್ದೆ ಟವೆಲನ್ನು ಎಂಜಿನ್ ಪಕ್ಕದ ಪೆಟ್ರೋಲ್ ಪಂಪಿನ ಮೇಲೆ ಹೊದಿಸಿ ವೀಳ್ಯದೆಲೆ ಹಾಕಿಕೊಂಡು ಕೂತರು. "ಏರ್ ಲಾಕ್ ಕಣೋ. ಬಿಸಿಗೆ ಪಂಪಿನೊಳಗೇ ಪೆಟ್ರೋಲು ಕುದ್ದು ಆವಿ ಆಗುತ್ತೆ. ಪಂಪು ಆವಿ ಎಳೆಯಲ್ಲ, ನೀರಿನಂಥದ್ದನ್ನೇ ಎಳೀಬೇಕು." ಟವೆಲಿನಿಂದ ಹಬೆ ಏಳುತ್ತಿದ್ದದ್ದು ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಹತ್ತು ನಿಮಿಷ ಆದಮೇಲೆ ಒಂದೇ ಸಲಕ್ಕೆ ಸ್ಟಾರ್ಟ್. ಫಸ್ಟ್ ಗೇರಿಗೆ ಗೇರ್ ಕರಕರ ಅನ್ನದೆ ಕೂಡಿಸುವ ಸಿಂಕ್ರೋ ಇರಲಿಲ್ಲ, ಏರಿನಲ್ಲಿ ಕ್ಲಚ್ ಎರಡು ಸಲ ಒತ್ತಿ, ಡಬಲ್ ಕ್ಲಚ್ ಹೊಡೆದು ಅದನ್ನು ಸದ್ದಿಲ್ಲದೆ ಹಾಕುತ್ತಿದ್ದರು. ದುರ್ಗದ ಮೇಲೆ ನರಸಿಂಹನಿಗೆ ಕೈಮುಗಿಯುವಾಗಲೂ ಅತ್ತೆ ಟವೆಲಿನ ಕರೀ ಕಲೆ ನೋಡಿ ಬೈಯುತ್ತಲೇ ಇದ್ದರು.

ಗಾಡಿ ಕೆಟ್ಟಿತು ನಿಜ. ಆದರೆ ಯಾಕೆ ಕೆಟ್ಟಿತು ಅಂತ ಓಡಿಸುವವನಿಗೆ ಗೊತ್ತಿತ್ತು. ನನ್ನ ತಕರಾರು ಇರುವುದೇ ಇಲ್ಲಿ. ಹೊಸ ಗಾಡಿಗೆ ಏನಾಗಿದೆ ಅಂತ ಕೊಂಡವನಿಗೆ ಗೊತ್ತಿಲ್ಲ. ಗೊತ್ತಿಲ್ಲದೆ ಇರಲಿ ಅಂತಲೇ ಶೋರೂಮಿನಲ್ಲಿ ನಡುವೆ ಗಾಜಿನ ಗೋಡೆ ಕಟ್ಟಿ, ಈಚೆ ಕೂರಿಸಿ ಕಾಫಿ ಕೊಡುತ್ತಾರೆ.

ಹೋದ ವರ್ಷ ನಮ್ಮ ಮನೆಯ ಹೊಸ ಕಾರಿನ ಹಿಂದುಗಡೆ ಲೊಟಲೊಟ ಸದ್ದು ಶುರುವಾಯಿತು. ತಗೊಂಡು ಹೋದೆ. ಇಸ್ತ್ರಿ ಅಂಗಿಯ ಹುಡುಗ ಕೈಯಲ್ಲಿ ಟ್ಯಾಬ್ ಹಿಡಿದು ಬಂದ. ಗಾಡಿ ಓಡಿಸಿ ನೋಡಲಿಲ್ಲ. ಬುಷ್ ಹೋಗಿದೆ ಸರ್, ಲಿಂಕ್ ರಾಡ್ ಹೋಗಿದೆ ಸರ್, ಜೊತೆಗೆ ಎಸಿ ಕ್ಲೀನಿಂಗ್, ಎಂಜಿನ್ ಫ್ಲಶಿಂಗ್ ಮಾಡಿಸಿಬಿಡಿ ಸರ್ ಅಂತ 11,400ರ ಎಸ್ಟಿಮೇಟ್ ಕೊಟ್ಟ. ಕಾಫಿ ಚೆನ್ನಾಗಿತ್ತು, ಅದನ್ನು ಹೇಳಲೇಬೇಕು. ನಾನು ಅಲ್ಲಿಂದ ಎದ್ದು ಬಿ.ಎಚ್. ರಸ್ತೆಯ ನಮ್ಮ ಹಳೇ ಮೇಸ್ತ್ರಿ ಹತ್ತಿರ ಹೋದೆ. ಉದ್ದನೆ ಸ್ಕ್ರೂಡ್ರೈವರಿನ ತುದಿ ಎಂಜಿನ್ ಮೇಲಿಟ್ಟು, ಹಿಡಿಯನ್ನು ಕಿವಿಗೆ ಒತ್ತಿಕೊಂಡು, ಒಳಗಿನ ವಾಲ್ವ್ ತಳ್ಳುವ ಟ್ಯಾಪೆಟ್‌ಗಳಲ್ಲಿ ಯಾವುದು ಸಡಿಲ ಅಂತ ಹೇಳುವ ಮನುಷ್ಯ. ಹಿಂದಿನ ಸೀಟಿನಲ್ಲಿ ಕೂತು, "ನೀವೇ ಓಡಿಸಿ" ಅಂದರು. ಎರಡು ಹಂಪ್ ದಾಟಿದ್ದೇ ನಗಲು ಶುರು ಮಾಡಿದರು. ಡಿಕ್ಕಿ ತೆಗೆಸಿ, ಸ್ಟೆಪ್ನಿ ಪಕ್ಕದ ಜಾಕನ್ನು ಅರ್ಧ ಸುತ್ತು ಬಿಗಿ ಮಾಡಿದರು. ಸದ್ದು ಹೋಯಿತು. ಒಂದು ಟೀ ಕೊಡಿಸಿದೆ.

ನೀವು ಹೇಳಿದ 25,000 ಎಲ್ಲಿಂದ ಬರುತ್ತದೆ ಗೊತ್ತೇ? ನಿಮ್ಮ ಜೇಬಿನಿಂದಲೇ. ಆನ್‌ರೋಡ್ ಬೆಲೆಯ ಚೀಟಿ ಒಮ್ಮೆ ಬಿಡಿಸಿ ಓದಿ. ಹ್ಯಾಂಡ್ಲಿಂಗ್ ಚಾರ್ಜ್ ಅಂತ ಒಂದು ಸಾಲು ಇರುತ್ತದೆ, ಏನು ಹ್ಯಾಂಡಲ್ ಮಾಡಿದಿರಿ ಅಂತ ಕೇಳಿ. ಬೇಡದ ಮ್ಯಾಟು, ಬೇಡದ ಕೋಟಿಂಗು ಸೇರಿಸಿದ ಕಿಟ್ ಇರುತ್ತದೆ. ಇನ್ಶೂರೆನ್ಸ್ ಅವರ ಹತ್ತಿರವೇ ಮಾಡಿಸಬೇಕು ಅನ್ನುತ್ತಾರೆ. ಬೇಕಿಲ್ಲ, ಹೊರಗೆ ಎಲ್ಲಿ ಬೇಕಾದರೂ ಮಾಡಿಸಬಹುದು. ಹತ್ತರಿಂದ ಇಪ್ಪತ್ತು ಲಕ್ಷದೊಳಗಿನ ಪೆಟ್ರೋಲ್, ಡೀಸೆಲ್ ಗಾಡಿಗೆ ನಮ್ಮ ರಾಜ್ಯದ ತೆರಿಗೆಯೇ 17 ಪರ್ಸೆಂಟ್, ಸೆಸ್ ಬೇರೆ. ಅದರ ಮೇಲೆ ಇವರದ್ದೂ ಒಂದು ತೆರಿಗೆ.

ಇನ್ನು ಓಡಿಸುವ ವಿಷಯ. ರಾತ್ರಿ ಕ್ಯಾತ್ಸಂದ್ರದಿಂದ ಶಿರಾ ಗೇಟಿನವರೆಗೆ ಒಮ್ಮೆ ಬನ್ನಿ. ಎದುರಿಗೆ ಬರುವ ಹತ್ತು ಗಾಡಿಯಲ್ಲಿ ಎಷ್ಟು ಜನ ಡಿಮ್ ಮಾಡುತ್ತಾರೆ ಎಣಿಸಿ. ಬೆಳ್ಳಗೆ ಕಣ್ಣಿಗೆ ಚುಚ್ಚುವ ಎಲ್‌ಇಡಿ ಹೈಬೀಮ್ ಹಾಕಿಕೊಂಡು, ಒಳಗೆ ಎಸಿಯಲ್ಲಿ ತಣ್ಣಗೆ ಕೂತಿರುತ್ತಾರೆ. ಹೊರಗಿನ ಸದ್ದು ಕೇಳಲ್ಲ, ರಸ್ತೆ ಕುಲುಕಿದ್ದು ಗೊತ್ತಾಗಲ್ಲ, ಎಸಿ ಕಮ್ಮಿ ಮಾಡಬೇಕಾದರೂ ಟಿವಿಯಂಥ ಪರದೆ ನೋಡಬೇಕು. ಗೆರೆ ದಾಟಿದರೆ ಬೀಪ್, ಹಸು ಬಂದರೆ ಬೀಪ್. ನಮ್ಮೂರಿನಲ್ಲಿ ಬೀಪ್ ನಿಲ್ಲುವುದು ಯಾವಾಗ? ನಲವತ್ತು ಕುದುರೆಯ ಗಾಡಿಯಲ್ಲಿ ಓವರ್‌ಟೇಕ್ ಮಾಡಲು ಹತ್ತು ಸಲ ಯೋಚಿಸುತ್ತಿದ್ದೆವು. ಆ ಯೋಚನೆ ಈಗ ಯಾರಿಗೂ ಬೇಕಿಲ್ಲ.

ಕಾರಿಗಷ್ಟೇ ಅಲ್ಲ ಈ ರೋಗ. 1978ರಲ್ಲಿ ಶುರುವಾದ ಎಚ್‌ಎಂಟಿ ವಾಚ್ ಕಾರ್ಖಾನೆ ಇದ್ದ ಊರು ನಮ್ಮದು. ಕೀ ಕೊಡುವ ವಾಚು ನಿಂತರೆ ಹಿಂದಿನ ಮುಚ್ಚಳ ತೆಗೆದು, ಕಣ್ಣಿಗೆ ಲೆನ್ಸ್ ಸಿಕ್ಕಿಸಿಕೊಂಡು ನೋಡುವವರು ಬೀದಿಗೊಬ್ಬರು ಸಿಗುತ್ತಿದ್ದರು. ಈಗ ಕೈಯಲ್ಲಿರುವ ವಾಚು ನಿಮ್ಮ ಎದೆಬಡಿತ ಎಣಿಸುತ್ತದೆ. ಅದೇ ನಿಂತರೆ? ಎಸೆದು ಇನ್ನೊಂದು. ಮಿಕ್ಸಿ, ಫ್ಯಾನು ಎಲ್ಲದರ ಕಥೆಯೂ ಇದೇ. ನಮ್ಮ ಮೇಸ್ತ್ರಿಯ ಮಗ ಊಟ ತಲುಪಿಸುವ ಬೈಕ್ ಓಡಿಸುತ್ತಾನೆ. ಆ ಸ್ಕ್ರೂಡ್ರೈವರ್ ಯಾರ ಕಿವಿಗೆ ಹೋಗುತ್ತದೋ.

ಸಿಟ್ಟು ಮಾಡಿಕೊಳ್ಳಬೇಡಿ. ಗಾಡಿ ಕೊಟ್ಟುಬಿಡುವ ಮುಂಚೆ ಪತ್ರ ಬರೆದಿರಲ್ಲ, ಅಂದರೆ ಕೊಡಲು ನಿಮಗೇ ಮನಸ್ಸಿಲ್ಲ. ಈಗ ಕೆಲಸ ಹೇಳುತ್ತೇನೆ. ಸ್ಟಾರ್ಟ್ ಮಾಡಲು ಹೋಗಬೇಡಿ. ಮೊದಲು ಬ್ರೇಕ್ ನೋಡಿಸಿ, ಆರು ವರ್ಷ ನಿಂತ ಗಾಡಿಯ ಬ್ರೇಕಿನ ರಬ್ಬರ್ ವಾಷರ್‌ಗಳು ಹೋಗಿರುತ್ತವೆ. ಟ್ಯಾಂಕಿನ ಹಳೇ ಪೆಟ್ರೋಲ್ ಪೂರ್ತಿ ಬಸಿದುಬಿಡಿ. ಈಗ ಬಂಕಿನಲ್ಲಿ ಸಿಗುವುದು 20 ಪರ್ಸೆಂಟ್ ಎಥನಾಲ್ ಸೇರಿದ ಪೆಟ್ರೋಲು. ಅದು ಹಳೇ ರಬ್ಬರ್ ಪೈಪನ್ನು ತಿನ್ನುತ್ತದೆ, ನೀರನ್ನೂ ಎಳೆದುಕೊಳ್ಳುತ್ತದೆ. ಪೈಪೆಲ್ಲ ಎಥನಾಲ್ ತಡೆಯುವ ಜಾತಿಯದ್ದು ಹಾಕಿಸಿ, ಕಾರ್ಬ್ಯುರೇಟರ್ ಬಿಚ್ಚಿ ತೊಳೆಸಿ. ಆರ್‌ಸಿ ಯಾವ ತಾರೀಕಿಗೆ ಮುಗಿದಿದೆ ಅಂತ ಇವತ್ತೇ ನೋಡಿ.

ಆಮೇಲೆ ಆ ಗುಂಡಿ ವಿಷಯ. ನಾನೂ ಎಕ್ಸ್‌ಚೇಂಜಿಗೆ ಬಿದ್ದವನೇ. 2005ರಲ್ಲಿ ಮಾವನ ಫಿಯೆಟ್ಟನ್ನು ಹೊಸ ಕಾರಿಗೆ ಕೊಟ್ಟುಬಿಟ್ಟೆ. ಕೀ ಕೊಡುವ ಮುಂಚೆ ಗೇರ್ ಗುಂಡಿಯನ್ನು ತಿರುಗಿಸಿ ಬಿಚ್ಚಿ ಜೇಬಿಗೆ ಹಾಕಿಕೊಂಡೆ, ಯಾರೂ ನೋಡಲಿಲ್ಲ. ಈಗದು ನನ್ನ ಮೇಜಿನ ಮೇಲೆ, ನೀವೆಲ್ಲ ಬರೆಯುವ ಪತ್ರಗಳು ಹಾರಿಹೋಗದ ಹಾಗೆ ಕೂತಿದೆ. ಗಾಡಿ ಓಡುವ ಹಾಗಾದ ದಿನ ಆಫೀಸಿಗೆ ಬನ್ನಿ, ತಗೊಂಡು ಹೋಗಿ. ಪತ್ರಗಳಿಗೆ ಬೇರೆ ಏನಾದರೂ ಹುಡುಕಿಕೊಳ್ಳುತ್ತೇನೆ.